ಸೊಂಟ ನೋವಿಗೆ ಎಂಆರ್‌ಐ ಬೇಕಾ?

ಪ್ರಶ್ನೆ: ನಂಗೆ 38 ವರ್ಷ, ಹತ್ತು ದಿನದ ಹಿಂದೆ ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟ ಹಿಡ್ಕೊಂಡ್ತು. ಎಂಆರ್‌ಐ ಮಾಡಿಸ್ಲೇಬೇಕು ಅಂತ ಮನೇಲಿ ಹಠ, ಡಾಕ್ಟ್ರು ಈಗ್ಲೇ ಬೇಡ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಡಾಕ್ಟ್ರ ಮಾತೇ ಕೇಳಿ. ಇಂಥ ನೋವು ಸಾಮಾನ್ಯವಾಗಿ 6 ವಾರದೊಳಗೆ ಕಮ್ಮಿ ಆಗುತ್ತೆ, ನೋವೇ ಇಲ್ಲದವರ ಸ್ಕ್ಯಾನಲ್ಲೂ ಡಿಸ್ಕ್ (ಬೆನ್ನುಮೂಳೆಗಳ ಮಧ್ಯದ ಮೆತ್ತೆ) ಉಬ್ಬಿರೋದು ಎಷ್ಟೋ ಸಲ ಕಾಣುತ್ತೆ, ಆ ರಿಪೋರ್ಟ್ ಓದಿ ಹೆದರಿ ಮಲಗಿಬಿಟ್ರೆ ಸೊಂಟ ಇನ್ನೂ ಬಿಗಿಯುತ್ತೆ ಅಷ್ಟೇ (ದುಡ್ಡು ಹೋಗೋದು ಬೇರೆ). ಮೆಲ್ಲಗೆ ಓಡಾಡ್ಕೊಂಡಿರಿ. ಆದ್ರೆ ಪಾದ ಎತ್ತೋಕಾಗ್ದೆ ಚಪ್ಪಲಿ ಜಾರ್ತಿದ್ರೆ, ತೊಡೆ ಸಂದಿ ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಇಲ್ಲಾ ಗೊತ್ತಿಲ್ದೆ ಹೋದ್ರೆ ಅವತ್ತೇ ಆಸ್ಪತ್ರೆಗೆ ಓಡಿ, ಆಗ ಎಂಆರ್‌ಐ ತಡ ಮಾಡೋ ಹಾಗಿಲ್ಲ. ಜ್ವರ ಇದ್ರೆ, ಸುಮ್ಸುಮ್ನೆ ತೂಕ ಇಳೀತಿದ್ರೆ, ಹಿಂದೆ ಕ್ಯಾನ್ಸರ್ ಆಗಿದ್ರೆ ಅದನ್ನೂ ಡಾಕ್ಟ್ರಿಗೆ ಮೊದ್ಲೇ ಹೇಳಿ.