28ರ ಆಸೆ ಇರಲಿ, ಮೊದಲು 20 ತಗೊಳ್ಳಿ

ಪತ್ರ: ನಾನು ಮಡಿಕೇರಿ ಕಡೆಯವನು. ಈಗ ಡಲ್ಲಾಸ್‌ನಲ್ಲಿ ಎಚ್‌-1ಬಿ ವೀಸಾ ಮೇಲಿದ್ದೇನೆ. ಶನಿವಾರದ ಸ್ಕೀಟಿಗೆ (ಹಾರುವ ತಟ್ಟೆಗೆ ಹೊಡೆಯುವ ಆಟ), ಸೆಪ್ಟೆಂಬರಿನ ಡವ್ (ಪಾರಿವಾಳದ ಜಾತಿಯ ಹಕ್ಕಿ) ಬೇಟೆಗೆ ಒಂದೇ ಸೆಮಿ-ಆಟೊಮ್ಯಾಟಿಕ್ ಕೋವಿ ಸಾಕು ಅಂದುಕೊಂಡಿದ್ದೇನೆ. 28 ಗೇಜ್ ಒಳ್ಳೆಯದೋ, 20 ಗೇಜೋ? ಊರಿಗೆ ಬಂದಾಗ ಮನೆಯ ಕೋವಿಯಲ್ಲಿ ಕಾಡುಕೋಳಿ ಹೊಡೆಯಬಹುದೇ?

ಉತ್ತರ: 20 ತಗೊಳ್ಳಿ. ಗೇಜ್ ಅಂದರೆ ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. 28ನ್ನು ಒಮ್ಮೆ ಕೈಗೆತ್ತಿಕೊಂಡವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು. ಬೆನೆಲ್ಲಿ ಈಥೋಸ್ 28 ಗೇಜಿನದು ಹೆಚ್ಚುಕಡಿಮೆ ಎರಡೂವರೆ ಕಿಲೋ ಅಷ್ಟೇ. ದಿನವಿಡೀ ಕ್ವೇಲ್ ಹಕ್ಕಿಯ ಹಿಂದೆ ನಡೆಯುವವರಿಗೆ ಅದು ವರ. ನೀವು ನಡೆಯುವುದೆಲ್ಲಿ? ಸ್ಕೀಟಿನಲ್ಲಿ ನಿಂತು ಹೊಡೆಯುತ್ತೀರಿ, ಡವ್ ಬೇಟೆಯಲ್ಲಿ ಹೊಲದ ಬದಿಗೆ ಸ್ಟೂಲು ಹಾಕಿ ಕೂರುತ್ತೀರಿ. ಅಲ್ಲಿ ಹಗುರ ಕೋವಿಯ ತೊಂದರೆಯೇ ಜಾಸ್ತಿ. ಟ್ರಿಗರ್ ಎಳೆದ ಮೇಲೂ ನಳಿಗೆಯ ಬೀಸು ನಿಲ್ಲಬಾರದು ಅಲ್ವಾ, ಹಗುರದ್ದು ಟಕ್ಕಂತ ನಿಂತುಬಿಡುತ್ತದೆ, ತಟ್ಟೆ ಮುಂದೆ ಹೋಗಿರುತ್ತದೆ, ಚರೆ ಅದರ ಹಿಂದೆ ಖಾಲಿ ಗಾಳಿಗೆ ಹೋಗುತ್ತದೆ.

28ರ ತೋಟಾದಲ್ಲಿ ಸಾಮಾನ್ಯವಾಗಿ 21 ಗ್ರಾಂ ಚರೆ, 20ರಲ್ಲಿ ಸುಮಾರು 25. ಸ್ಕೀಟಿನ ದೂರಕ್ಕೆ 21 ಧಾರಾಳವಾಯಿತು. ನೋಡಬೇಕಾದ್ದು ಜೇಬು. ರೌಂಡಿಗೆ 25 ತಟ್ಟೆ, ಬೆಳಗ್ಗೆ ನಾಲ್ಕು ರೌಂಡಾದರೆ 100 ತೋಟಾ, ಮತ್ತು 28ರ ತೋಟಾ 20ರದ್ದಕ್ಕಿಂತ ದುಬಾರಿ, ಹುಡುಕಾಟವೂ ಜಾಸ್ತಿ.

ಗ್ಯಾಸಿನ ಮೇಲೆ ಓಡುವುದನ್ನೇ ನೋಡಿ: ಬೆರೆಟ್ಟಾ ಎ400, ಅಥವಾ ಚೆನ್ನಾಗಿಟ್ಟುಕೊಂಡ ಹಳೆಯ ರೆಮಿಂಗ್ಟನ್ 1100. ಮದ್ದಿನ ಗ್ಯಾಸು ಸ್ವಲ್ಪ ನಳಿಗೆಯ ತೂತಿನಿಂದ ಹೊರಟು ಪಿಸ್ಟನ್ ತಳ್ಳಿ ಮುಂದಿನ ತೋಟಾ ಏರಿಸುತ್ತದೆ, ಭುಜಕ್ಕೆ ಒದೆತ ಮೆತ್ತಗಾಗುತ್ತದೆ. ಒದೆತದ ಬಲದಿಂದಲೇ ಮುಂದಿನ ತೋಟಾ ಏರಿಸುವ ಇನರ್ಷಿಯಾ ಕೋವಿಯಲ್ಲಿ ಮಸಿ ಕಡಿಮೆ, ಒರೆಸುವ ಕೆಲಸ ಕಡಿಮೆ, ಒದೆತ ಮಾತ್ರ ಜಾಸ್ತಿ. ಭುಜಕ್ಕೆ ಸಡಿಲವಾಗಿ ಹಿಡಿದು ಲಘು ತೋಟಾ ಹೊಡೆದರೆ ಮುಂದಿನದು ಏರದೆ ಸಿಕ್ಕಿಕೊಳ್ಳುವುದೂ ಉಂಟು.

20ರ ತೋಟಾ ಹಳದಿ ಇರುವುದು ಸುಮ್ನೆ ಅಲ್ಲ. ಗೆಳೆಯರ 12 ಗೇಜ್ ಕೋವಿಗೆ ಅದು ಅಪ್ಪಿತಪ್ಪಿ ಹೋದರೆ ಜಾರಿ ನಳಿಗೆಯೊಳಗೆ ಕೂತುಬಿಡುತ್ತದೆ. ಕೋವಿ ಖಾಲಿ ಅಂದುಕೊಂಡು ಹಿಂದೆ 12ರದ್ದನ್ನು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಅದನ್ನು ಹಿಡಿದ ಕೈ ಹೋಗುತ್ತದೆ. ಒಂದೇ ಜೇಬಿನಲ್ಲಿ ಎರಡು ಗೇಜ್ ಬೇಡವೇ ಬೇಡ.

ಡವ್ ವಲಸೆ ಹಕ್ಕಿ, ಹಾಗಾಗಿ ಅಲ್ಲಿನ ಕಾನೂನಿನಂತೆ ಮ್ಯಾಗಜೀನಿಗೆ (ತೋಟಾ ತುಂಬುವ ಕೊಳವೆಗೆ) ಹೆಚ್ಚು ಹಿಡಿಯದಂತೆ ಪ್ಲಗ್ ಹಾಕಿರಬೇಕು, ಕೋವಿಯಲ್ಲಿ ಒಟ್ಟು ಮೂರೇ ತೋಟಾ. ಇನ್ನು ನಿಮ್ಮ ವೀಸಾ. ನೀವು ಇದನ್ನು ಕೇಳಿಲ್ಲ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದೇ. ಎಚ್‌-1ಬಿಯವರು ಸಾಮಾನ್ಯವಾಗಿ ಅಲ್ಲಿ ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ; ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಮೊದಲು ಲೈಸೆನ್ಸ್ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ. ಟೆಕ್ಸಾಸಿನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ನಿಮ್ಮ ಕಡೆ ಡವ್ ಸೀಸನ್ ಸೆಪ್ಟೆಂಬರ್ 1ಕ್ಕೆ ಶುರು. ಹೊಸದು ಮಾಡಿಸಲು ಮರೆತರೆ ಬೇಟೆ ತಪ್ಪುವುದು ಹಾಗಿರಲಿ, ಮನೆಯಲ್ಲಿಟ್ಟ ಕೋವಿಯೇ ಅಪರಾಧವಾದೀತು.

ಕಾಡುಕೋಳಿ ಮರೆತುಬಿಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಮಾತ್ರ. ಬೇಟೆ ನಿಷೇಧಿಸುವ 1972ರ ವನ್ಯಜೀವಿ ಕಾಯ್ದೆ ಕೊಡಗಿಗೂ ಒಂದೇ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬಂದರೆ ತೆಂಗಿನಕಾಯಿಗೆ ಗುರಿಯಿಡಿ. ಕಾಯಿ ಹಾರುವುದಿಲ್ಲವಾದ್ದರಿಂದ ಡಲ್ಲಾಸಿನಲ್ಲಿ ಕಲಿತ ಬೀಸು ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.