ಶೋಕೇಸಿನ ಗಾಜಿನಲ್ಲಿ ಕಂಡ 20

ಪ್ರಶ್ನೆ: ನನಗೆ 31 ವರ್ಷ. ಎಂಟು ತಿಂಗಳಿಂದ ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆ ಹಾಲ್‌ನಲ್ಲಿ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಆಟ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ನನ್ನ ತಮ್ಮ, ಆಫೀಸಿನ ಇಬ್ಬರು ಗೆಳೆಯರು ಮತ್ತು ಕಾಲೇಜಿನ ಒಬ್ಬಳು ಗೆಳತಿ ಆಡುವವರು. ಗೆಳತಿ ಬಾಣಂತನ ಮುಗಿಸಿ ಈಚೆಗೆ ಮತ್ತೆ ಬರತೊಡಗಿದ್ದಾಳೆ.

ಹೋದ ತಿಂಗಳು ಅವಳ ನಾಲ್ಕನೇ ಲೆವೆಲ್ ಮಾಂತ್ರಿಕಳ ಮೇಲೆ ಓಗರ್ ಅನ್ನುವ ದೈತ್ಯ ರಾಕ್ಷಸ ಬಿತ್ತು. ಹಿಟ್ ಪಾಯಿಂಟ್, ಅಂದರೆ ಪ್ರಾಣಬಲ, 22ರಲ್ಲಿ 9 ಮಾತ್ರ ಉಳಿದಿತ್ತು. ಪರದೆ ಹಿಂದೆ ದಾಳ ಹಾಕಿದೆ. 20 ಬಿತ್ತು, ಅಂದರೆ ಅತಿ ಜೋರು ಏಟು. ನಾನು "ನಾಲ್ಕು, ತಪ್ಪಿಹೋಯ್ತು" ಅಂದೆ. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಮೂರು ಗಂಟೆ ಬಿಡುವು ಮಾಡಿಕೊಂಡು ಬಂದವಳನ್ನು ಅರ್ಧ ಗಂಟೆಯಲ್ಲಿ ಸಾಯಿಸಲು ಮನಸ್ಸು ಬರಲಿಲ್ಲ. ನನ್ನ ಬೆನ್ನ ಹಿಂದೆ ಶೋಕೇಸ್ ಇದೆ. ಅದರ ಗಾಜಿನಲ್ಲಿ ದಾಳ ತಮ್ಮನಿಗೆ ಕಂಡಿತು. ಅಲ್ಲಿ ಏನೂ ಅನ್ನಲಿಲ್ಲ. ರಾತ್ರಿ ವಾಟ್ಸ್ಆ್ಯಪ್ ಗ್ರೂಪಿನ ಹೆಸರನ್ನು "ಶಕುನಿ ಅಕ್ಕ" ಅಂತ ಬದಲಿಸಿ ಎಲ್ಲರಿಗೂ ಹೇಳಿಬಿಟ್ಟ. ಆಮೇಲೆ, ಆಟದಲ್ಲಿ ಹಿಂದೊಮ್ಮೆ ಆದ ಹೊಡೆದಾಟ ನೆನೆದು, "ಹಾಗಾದ್ರೆ ಸೇತುವೆ ಮೇಲೆ ನಾನು ಗೆದ್ದದ್ದೂ ನೀನು ಗೆಲ್ಲಿಸಿದ್ದೇನಾ ಅಕ್ಕಾ?" ಅಂತ ಕೇಳಿದ.

ಈಗ ಕರುಣೆಯೇ ಇಲ್ಲದ ಹಳೇ ಶೈಲಿಯ ಆಟವನ್ನು ತಾನೇ ನಡೆಸುತ್ತೇನೆ ಅಂತ ಹೊರಟಿದ್ದಾನೆ. ಗೆಳೆಯರಲ್ಲಿ ಒಬ್ಬ "ಕಥೆ ಚೆನ್ನಾಗಿದ್ರೆ ಸಾಕು" ಅನ್ನುತ್ತಾನೆ, ಇನ್ನೊಬ್ಬ ತಮ್ಮನ ಕಡೆ. ಗೆಳತಿ ಏನೂ ಹೇಳಿಲ್ಲ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ? ಡಿಎಂ ಕುರ್ಚಿ ಬಿಟ್ಟುಕೊಡಲಾ?

— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಓಗರ್ ಬಗ್ಗೆ ಹಿಟ್ ಪಾಯಿಂಟ್ ಸಮೇತ ಬರೆದಿದ್ದೀರಿ. ಸೇತುವೆ ಬಗ್ಗೆ ತಮ್ಮ ಕೇಳಿದ್ದಕ್ಕೆ ನೀವು ಏನು ಹೇಳಿದಿರಿ ಅನ್ನುವುದು ಮಾತ್ರ ಇಲ್ಲ. ಏನೂ ಹೇಳಿಲ್ಲ, ಅಲ್ವಾ? ಅಲ್ಲಿಗೆ ಆಮೇಲೆ ಬರುತ್ತೇನೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಇದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಿಕ್ಕ ಲೋಕವೆಲ್ಲ, ಅಂದರೆ ರಾಕ್ಷಸ, ರಾಜ, ಮಳೆ, ಬಾಗಿಲ ಹಿಂದಿನ ಸದ್ದು, ಡಿಎಂ ಪಾಲು. ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು. ಅದು ಆಗುತ್ತಾ ಇಲ್ವಾ ಅಂತ 20 ಮುಖದ ದಾಳ ಹೇಳುತ್ತದೆ. ಡಿಎಂ ಮುಂದೆ ಮಡಚಿ ನಿಲ್ಲಿಸುವ ರಟ್ಟಿನ ಪರದೆ ಇರುತ್ತದೆ. ಕಷ್ಟ ಶುರುವಾಗುವುದು ಅದರ ಹಿಂದೆಯೇ.

ನಿಮ್ಮ ಪರವಾಗಿ ಒಂದು ಸಾಕ್ಷಿ ಇದೆ. ಆಟದ ಐದನೇ ಆವೃತ್ತಿಗೆ 2014ರಲ್ಲಿ ಬಂದ ಡಿಎಂ ಕೈಪಿಡಿಯೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಎರಡು ಜೋರು ಏಟು ಒಟ್ಟಿಗೆ ಬಿದ್ದು ಪಾತ್ರ ಸಾಯುವ ಹಾಗಿದ್ದರೆ ಎರಡನೆಯದನ್ನು ತಗ್ಗಿಸಬಹುದು, ಬೇಕಿದ್ದರೆ ತಪ್ಪಿಸಲೂಬಹುದು ಅನ್ನುತ್ತದೆ. ಆದರೆ ಜಾಸ್ತಿ ಮಾಡಬೇಡಿ, ಮಾಡಿದ್ದು ಗೊತ್ತಾಗಲೂಬಾರದು ಅಂತ ಅಲ್ಲೇ ಸೇರಿಸಿದೆ. ನನಗೆ ಇದು ಮೊದಲಿಂದಲೂ ಸರಿ ಅನ್ನಿಸಿಲ್ಲ. ಗೊತ್ತಾದರೆ ಕೆಡುತ್ತದೆ ಅನ್ನುವ ಉಪಕಾರವನ್ನು ಒಂದೇ ಟೇಬಲ್ಲಿನ ಸುತ್ತ ತಿಂಗಳುಗಟ್ಟಲೆ ಮುಚ್ಚಿಡಲು ಆಗುತ್ತದಾ? ಶೋಕೇಸ್ ಇಲ್ಲದ ಮನೆಯಲ್ಲೂ ಆಗುವುದಿಲ್ಲ.

ಇನ್ನೊಂದು ವಿಷಯ. ಆ 20ನ್ನು ಹೇಳಿಬಿಟ್ಟಿದ್ದರೆ ನಿಮ್ಮ ಗೆಳತಿಯ ಮಾಂತ್ರಿಕಳು ಸಾಯಲೇಬೇಕು ಅಂತೇನೂ ಇರಲಿಲ್ಲ! ಲೆಕ್ಕ ಹಾಕೋಣ. 20 ಬಿದ್ದಾಗ ಓಗರ್ ದೊಣ್ಣೆಯ ಏಟು ಎಂಟು ಮುಖದ ನಾಲ್ಕು ದಾಳ, ಮೇಲೆ ನಾಲ್ಕು. ಸರಾಸರಿ 22. ಉಳಿದ 9 ಕಳೆದು ಅವಳು ನೆಲಕ್ಕೆ ಬೀಳುತ್ತಿದ್ದಳು, ನಿಜ. ಆದರೆ ಸೊನ್ನೆ ಅಂದರೆ ಸಾವಲ್ಲ. ಜಾಗದಲ್ಲೇ ಸಾಯಬೇಕಾದರೆ ಏಟು 31 ಮುಟ್ಟಬೇಕು, ಅಂದರೆ ಉಳಿದ 9ರ ಮೇಲೆ ಪೂರ್ತಿ 22. ಅದು ನೂರಕ್ಕೆ ಮೂರು ಸಲ ಆದರೆ ಹೆಚ್ಚು. ಇಲ್ಲದಿದ್ದರೆ ಅವಳ ಸರದಿ ಬಂದಾಗಲೆಲ್ಲ ಒಂದು ದಾಳ. 10 ಅಥವಾ ಮೇಲೆ ಬಿದ್ದರೆ ಒಳ್ಳೆಯದು, ಕೆಳಗೆ ಬಿದ್ದರೆ ಕೆಟ್ಟದ್ದು, ಯಾವುದು ಮೊದಲು ಮೂರಾಗುತ್ತದೋ ಅದು. ಅಷ್ಟರಲ್ಲಿ ನಿಮ್ಮ ತಮ್ಮ ಓಗರ್‌ಗೆ ಅಡ್ಡ ನಿಲ್ಲಬಹುದಿತ್ತು. ಇನ್ನೊಬ್ಬ ಓಡಿಬಂದು ಮದ್ದು ಕುಡಿಸಬಹುದಿತ್ತು. ನಿಮ್ಮ ಹಾಲ್‌ನಲ್ಲಿ ಆ ಹತ್ತು ನಿಮಿಷ ಯಾರೂ ಫೋನ್ ಮುಟ್ಟುತ್ತಿರಲಿಲ್ಲ. ಅವಳನ್ನು ಕಾಪಾಡುವ ಭಾಗ್ಯ ಗೆಳೆಯರದ್ದಾಗಬೇಕಿತ್ತು. ಅದನ್ನು ನೀವು ಪರದೆ ಹಿಂದೆ ಒಬ್ಬರೇ ಮುಗಿಸಿಬಿಟ್ಟಿರಿ.

ಬೈಯುತ್ತಿಲ್ಲ. ನಾನೂ ಪರದೆ ಹಿಂದೆ ಕೂತವಳೇ. ಗಾಬರಿಯಲ್ಲಿ ನಿಯಮ ನೆನಪಾಗುವುದಿಲ್ಲ, ಎದುರು ಕೂತವರ ಮುಖವೇ ಕಾಣುತ್ತದೆ.

ಈಗ ತಮ್ಮನ ವಿಷಯ. ನಮ್ಮಜ್ಜಿ ಊರು ತೀರ್ಥಹಳ್ಳಿ ಕಡೆ. ರಜೆಗೆ ಹೋದರೆ ಮಧ್ಯಾಹ್ನವೆಲ್ಲ ಚೌಕಾಬಾರ. ನಾನೇ ಗೆಲ್ಲುತ್ತಿದ್ದೆ. ಒಂದು ದಿನ ಅಜ್ಜಿಗೆ ಎಂಟು ಬಿದ್ದದ್ದು ನೋಡಿದೆ. ನಾನು ಎಣಿಸುವ ಮೊದಲೇ ಕವಡೆ ಬಾಚಿಕೊಂಡು "ಎರಡೇ ಕಣೇ" ಅಂದಳು. ಆಗ ನನಗೆ ಒಂಬತ್ತು ವರ್ಷ. ಅಜ್ಜಿಯ ಪ್ರೀತಿ ಅಂತೆಲ್ಲ ಹೊಳೆಯಲಿಲ್ಲ. ಹಿಂದಿನ ರಜೆಯಲ್ಲಿ ಗೆದ್ದದ್ದೆಲ್ಲ ತಲೆಯಲ್ಲಿ ಒಂದೊಂದಾಗಿ ಬಂತು. ಅದರಲ್ಲಿ ಯಾವುದು ನನ್ನದು? ಎರಡು ದಿನ ಮಣೆ ಮುಟ್ಟಲಿಲ್ಲ. ನಿಮ್ಮ ತಮ್ಮ ಕೇಳುತ್ತಿರುವುದೂ ಇದನ್ನೇ. ಓಗರ್ ಅವನಿಗೆ ನೆಪ ಅಷ್ಟೇ.

ಹಾಗಂತ ಅವನದ್ದೇ ಸರಿಯಾದ ಆಟ, ನಿಮ್ಮದು ಸುಳ್ಳಾಟ ಅಂತ ಒಪ್ಪಿಕೊಳ್ಳಬೇಡಿ. ಈ ಜಗಳ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಇದನ್ನು ಹೊರತಂದಾಗ ಅದು ಪುಟ್ಟ ಸೈನಿಕರ ಗೊಂಬೆ ಇಟ್ಟು ಆಡುವ ಯುದ್ಧದಾಟಗಳ ಮಗು. ಆಟ ನಡೆಸುವವನನ್ನು ಆಗ ರೆಫರಿ ಅನ್ನುತ್ತಿದ್ದರು. ಮರುವರ್ಷ ಒಂದು ಸ್ಪರ್ಧೆಗೆ ಗೈಗ್ಯಾಕ್ಸ್ ಬರೆದ ಗೋರಿಯ ಸಾಹಸದಲ್ಲಿ ಬಾಯಿ ತೆರೆದ ಹಸಿರು ದೆವ್ವದ ಮುಖ ಒಂದಿದೆ. ಒಳಗೇನಿದೆ ನೋಡೋಣ ಅಂತ ತೂರಿದವನ ಕಥೆ ಅಲ್ಲಿಗೆ ಮುಗಿಯಿತು. ದಾಳ ಹಾಕುವ ಅವಕಾಶವೂ ಇಲ್ಲ! 1980ರ ಹೊತ್ತಿಗೆ ಗ್ಲೆನ್ ಬ್ಲಾಕೋ ಎಂಬಾತ ಆಡುವವರಲ್ಲಿ ನಾಲ್ಕು ಒಲವು ಗುರುತಿಸಿ ಲೇಖನ ಬರೆದ. ಪಾತ್ರವಾಗಿ ಬದುಕುವುದು, ಕಥೆ ಕಟ್ಟುವುದು, ತಂತ್ರದಿಂದ ಗೆಲ್ಲುವುದು, ಬಲ ಕೂಡಿಹಾಕುವುದು. 1984ರಲ್ಲಿ ಇದೇ ಆಟದ ಡ್ರ್ಯಾಗನ್‌ಲ್ಯಾನ್ಸ್ ಸರಣಿ ಶುರುವಾದಾಗ ಸಿದ್ಧ ನಾಯಕರು, ಉದ್ದದ ಕಥೆ ಎಲ್ಲ ಬಂತು. ನೀವು ಕಥೆಯ ಕಡೆಯವರು, ತಮ್ಮ ಆ ಹಳೇ ಗೋರಿಯ ಕಡೆಯವನು.

ಅದೇ ತೀರ್ಥಹಳ್ಳಿ ಕಡೆ ತಾಳಮದ್ದಲೆಯೂ ನಡೆಯುತ್ತದೆ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ಬಾಣ ಬಿದ್ದ ವಾಲಿ ರಾಮನಿಗೆ ಏನು ಕೇಳುತ್ತಾನೆ ಅನ್ನುವುದಕ್ಕಾಗಿ ನಿದ್ದೆಗೆಟ್ಟು ಕೂರುತ್ತಾರೆ. ವಾಲಿ ಗೆದ್ದುಬಿಡಲಿ ಅಂತ ಯಾರೂ ಕಾಯುವುದಿಲ್ಲ. ಕೊನೆ ಗೊತ್ತಿದೆ ಅಂತ ಅದು ಮೋಸ ಆಗುವುದೂ ಇಲ್ಲ. ನಿಮ್ಮ ಹಾಲ್‌ನಲ್ಲಿ ಇಬ್ಬರು ತಾಳಮದ್ದಲೆಗೆ ಬಂದಿದ್ದಾರೆ, ಇಬ್ಬರು ಚೌಕಾಬಾರಕ್ಕೆ. ಯಾವುದಕ್ಕೆ ಬಂದಿದ್ದೀರಿ ಅಂತ ಎಂಟು ತಿಂಗಳಲ್ಲಿ ಯಾರೂ ಯಾರನ್ನೂ ಕೇಳಿಲ್ಲ. ಗೆಳತಿಯನ್ನು ಕಥೆಯ ಪಾಲಿಗೆ ಸೇರಿಸಿದ್ದೂ ನನ್ನ ಊಹೆಯೇ. ನೀವೂ ಅವಳನ್ನು ಕೇಳಿಲ್ಲ. ಬಾಣಂತಿ ಅಂತ ಅವಳ ಮಾಂತ್ರಿಕಳಿಗೂ ಪಥ್ಯ ಹಾಕಿದಿರಿ. ಓಗರ್ ಎದುರು ನಿಂತು ಸಾಯುವುದೇ ಅವಳಿಗೆ ಇಷ್ಟವಿತ್ತೋ ಏನೋ. ತನ್ನಿಂದಲೇ ಅಕ್ಕ ತಮ್ಮನಿಗೆ ಜಗಳ ಬಂತು ಅಂದುಕೊಂಡು ಸುಮ್ಮನಿದ್ದಾಳೆ ಅಂತ ನನಗೆ ಅನುಮಾನ. ಇವತ್ತೇ ಫೋನ್ ಮಾಡಿ. ಮಗು ಮಲಗಿರುವ ಹೊತ್ತು ನೋಡಿಕೊಂಡು.

ತಮ್ಮನ ಹತ್ತಿರ ಮಾತ್ರ ಫೋನಲ್ಲಿ ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ಎದುರು ಕೂರಿಸಿಕೊಂಡು ಸೇತುವೆ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿ. ದಾಳ ತಿರುಚಿರದಿದ್ದರೆ, "ಅದು ಪೂರ್ತಿ ನಿಂದೇ ಕಣೋ" ಅನ್ನಿ. ಅವನಿಗೆ ಬೇಕಿರುವುದು ಆ ಒಂದು ಮಾತು. ತಿರುಚಿದ್ದರೆ ಎಲ್ಲಿ, ಎಷ್ಟು ಅಂತ ಹೇಳಿ. ಕೋಪ ಬರುತ್ತದೆ, ಬರಲಿ. ಮಿಕ್ಕ ಏಟುಗಳಾದರೂ ತನ್ನವು ಅಂತ ಅವನಿಗೆ ಗೊತ್ತಾಗುತ್ತದೆ. ಈಗ ಅದೂ ಇಲ್ಲ. ಒಂದು ದಾಳ ಸುಳ್ಳು ಅಂತ ಕಂಡ ಮೇಲೆ ಎಲ್ಲ ದಾಳವೂ ಸುಳ್ಳಾಗಿವೆ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಅಂತ ಮಾತ್ರ ಹೇಳಬೇಡಿ. ನಮ್ಮಜ್ಜಿಯೂ ಹಾಗೇ ಹೇಳಿದ್ದಳು.

ಕುರ್ಚಿ ಬಿಡುವುದು ಬೇಡ. ಮುಂದಿನ ಭಾನುವಾರದಿಂದ ಹೊಡೆದಾಟದ ದಾಳವನ್ನೆಲ್ಲ ಟೇಬಲ್ ನಡುವೆ ಹಾಕಿ. ನಕ್ಷೆ, ಗುಟ್ಟು, ಬಲೆ, ಇವಕ್ಕೆ ಪರದೆ ಇರಲಿ. ದಾಳ ಕೈಗೆತ್ತಿಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಏನು ಬಿದ್ದರೂ ಒಪ್ಪುತ್ತೇನಾ? ಇಲ್ಲ ಅಂದರೆ ದಾಳ ಕೆಳಗಿಡಿ. ಸಾವು ಬೇಡ ಅನ್ನಿಸಿದರೆ ಸೋಲಿಗೆ ಬೇರೆ ದಾರಿ ಹುಡುಕಿ. ಓಗರ್ ಅವಳನ್ನು ಹೆಗಲಿಗೆ ಹಾಕಿಕೊಂಡು ಗುಹೆಗೆ ಒಯ್ಯಲಿ. ಮಂತ್ರದ ಪುಸ್ತಕ ಹೊಳೆಗೆ ಬೀಳಲಿ. ಪುಸ್ತಕ ಕಳೆದುಕೊಂಡ ಮಾಂತ್ರಿಕಳ ಪಾಡು ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ.

ತಮ್ಮನ ಹೊಸ ಆಟವನ್ನು ಸೇಡು ಅಂತ ನೋಡಬೇಡಿ. ಹಳೇ ಶೈಲಿಯನ್ನು ಚೆನ್ನಾಗಿ ನಡೆಸುವವರು ಸುಮ್ನೆ ಕೊಲ್ಲುವವರಲ್ಲ. ಅಪಾಯದ ವಾಸನೆ ಮೊದಲೇ ಬರುತ್ತದೆ. ಮೂಳೆಗಳು ಬಿದ್ದಿರುತ್ತವೆ, ನೆಲ ಟೊಳ್ಳು ಅನ್ನಿಸುತ್ತದೆ, ಓಡಿಹೋಗಲು ಬಾಗಿಲು ತೆರೆದಿರುತ್ತದೆ. ನೋಡದೆ ನುಗ್ಗಿದರೆ ಅದು ನಿಮ್ಮ ಪಾಡು. ಆ ಆಟಗಳಲ್ಲಿ ಹೊಸ ಪಾತ್ರ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಹಾಗಾಗಿ ಸಾವು ಹಗುರ. ಹೆಸರು, ಊರು, ತವರು, ಹಳೇ ಪ್ರೇಮ ಅಂತ ನಾಲ್ಕು ಪುಟ ಬರೆದುಕೊಂಡು ಬಂದ ಪಾತ್ರದ ಮೇಲೆ ಅದೇ ಕಾನೂನು ಹಾಕಿದರೆ ಕಣ್ಣೀರೇ ಬರುತ್ತದೆ. ಇದನ್ನು ಅವನಿಗೆ ಶುರುವಿನಲ್ಲೇ ಹೇಳಿ. ಆಮೇಲೆ ಅವನ ಟೇಬಲ್ಲಿಗೆ ನೀವೇ ಹೋಗಿ ಆಡಿ, ಒಂದೆರಡು ಸಲ ಸಾಯಿರಿ. ನಿಮ್ಮ ಪಾತ್ರ ಕೊನೆಯುಸಿರು ಎಳೆಯುತ್ತಿರುವಾಗ ಅವನ ಕೈ ದಾಳದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುವ ಆಸೆ ನನಗಂತೂ ಇದೆ.

ಗ್ರೂಪಿನ ಹೆಸರನ್ನು ನೀವು ಬದಲಿಸಲು ಹೋಗಬೇಡಿ. ಇಟ್ಟವನೇ ಬದಲಿಸಲಿ.