ದಿನಸಿ ಚೀಟಿಯೂ ಮಳೆಗಾಲದ ಡಬ್ಬವೂ

ಪ್ರಶ್ನೆ: ಮನೆಯಲ್ಲಿ ಐದು ಜನ. ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ಎರಡು ಮಕ್ಕಳು. ತಿಂಗಳ ಮೊದಲ ವಾರ ಚೀಟಿ ಬರೆದು ಸಾಮಾನು ತರುತ್ತೇವೆ. ಐದು ಲೀಟರ್ ಎಣ್ಣೆ, ಐದು ಕೆಜಿ ತೊಗರಿಬೇಳೆ ತಂದರೂ ಇಪ್ಪತ್ತನೇ ತಾರೀಕಿಗೆ ಮತ್ತೆ ಅಂಗಡಿಗೆ ಓಡಬೇಕು. ಅಕ್ಕಿಯನ್ನಾದರೂ ಕಡಿಮೆ ಬೆಲೆಯದಕ್ಕೆ ಬದಲಿಸೋಣವೆಂದರೆ ಅತ್ತೆ ಒಪ್ಪುವುದಿಲ್ಲ. ಎಲ್ಲಿಂದ ಶುರುಮಾಡಲಿ?
– ಗೃಹಿಣಿ, ವಿನೋಬನಗರ, ಶಿವಮೊಗ್ಗ

ಉತ್ತರ: ಅತ್ತೆಯವರ ಮಾತು ಸರಿ, ಅಕ್ಕಿಯ ತಂಟೆಗೆ ಹೋಗಬೇಡಿ. ಹೊಸ ಅಕ್ಕಿ ಅರಳದೆ ಮುದ್ದೆಯಾಗುತ್ತದೆ. ವರ್ಷ ಹಳೆಯದಾದ ಅಕ್ಕಿ ನೀರು ಕುಡಿದು ಅರಳುತ್ತದೆ. ಒಂದು ಪಾವಿಗೆ ಹೊಸದು ಎರಡು ಪಾವು ನೀರು ಕುಡಿದರೆ ಹಳೆಯದು ಎರಡೂವರೆ, ಕೆಲವೊಮ್ಮೆ ಮೂರು ಪಾವು ಕುಡಿಯುತ್ತದೆ. ಕೆಜಿಗೆ ನಾಲ್ಕೈದು ರೂಪಾಯಿ ಉಳಿಸಲು ಹೊಸ ಅಕ್ಕಿ ತಂದರೆ ದಿನಾ ಒಂದು ಹಿಡಿ ಹೆಚ್ಚು ಹಾಕಬೇಕಾಗುತ್ತದೆ.

ನಿಮ್ಮ ಚೀಟಿಯಲ್ಲಿ ಸೋರುತ್ತಿರುವುದು ಎಣ್ಣೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಧಾರಾಳ ಸಾಕು, ಐವರಿಗೆ ಎರಡೂವರೆ ಲೀಟರ್. ಅಂದರೆ ದಿನಕ್ಕೆ ದೊಡ್ಡ ಚಮಚದಲ್ಲಿ ಐದೂವರೆ. ಪ್ಯಾಕೆಟ್ ಕತ್ತರಿಸಿ ನೇರವಾಗಿ ಬಾಣಲೆಗೆ ಸುರಿಯುವ ಮನೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ, ಒಂದು ಸಲ ಬಗ್ಗಿಸಿದರೆ ಮೂರು ಚಮಚ ಹೋಗಿರುತ್ತದೆ. ಎಣ್ಣೆಯನ್ನು ಗಿಂಡಿಗೆ ಹಾಕಿ, ಅದರೊಳಗೊಂದು ಚಮಚ ಇಡಿ. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ತಿಂಗಳ ಗುರುತು ನೋಡಿದರೆ ಯಾವ ವಾರ ಸೋರಿತೆಂದು ನಿಮಗೇ ತಿಳಿಯುತ್ತದೆ. ಕರಿಯಲು ಅಗಲ ಬಾಣಲೆ ಬೇಡ. ಕಿರಿದಾದ ಆಳದ ಬಾಣಲೆಯಲ್ಲಿ ಅರ್ಧದಷ್ಟು ಎಣ್ಣೆಯಲ್ಲೇ ಹಪ್ಪಳ ಸಂಡಿಗೆ ಆಗುತ್ತದೆ, ಉಳಿಯುವ ಕರಿದೆಣ್ಣೆಯೂ ಕಡಿಮೆ.

ಇನ್ನು ಬೇಳೆ. ಐವರ ಹುಳಿಗೆ 150 ಗ್ರಾಂ ಬೇಕು. ದಿನವೂ ಹುಳಿಯಾದರೆ ತಿಂಗಳಿಗೆ ನಾಲ್ಕೂವರೆ ಕೆಜಿ. ವಾರದಲ್ಲಿ ನಾಲ್ಕು ದಿನ ಹುಳಿ, ಎರಡು ದಿನ 75 ಗ್ರಾಂ ಬೇಳೆಯ ತಿಳಿಸಾರು, ಒಂದು ದಿನ ಬೇಳೆಯೇ ಬೇಡದ ತಂಬುಳಿ ಎಂದಿಟ್ಟುಕೊಂಡರೆ ಮೂರು ಕೆಜಿ ಚಿಲ್ಲರೆಗೆ ಇಳಿಯುತ್ತದೆ. ಹಾಗೆಂದು ಬೆಳೆಯುವ ಮಕ್ಕಳ ತಟ್ಟೆಯಲ್ಲಿ ಬೇಳೆಯ ಸತ್ವ ಕಡಿಮೆಯಾಗಬಾರದು, ಆ ಜಾಗಕ್ಕೆ ಹುರುಳಿ ತನ್ನಿ. ರಾತ್ರಿ ನೆನೆಸಿ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿದರೆ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ.

ಇಪ್ಪತ್ತನೇ ತಾರೀಕಿನ ಓಟದ ಬಗ್ಗೆ ಒಂದು ಮಾತು. ಆಗ ತರಲು ಹೋಗುವುದು ಒಂದು ಲೀಟರ್ ಎಣ್ಣೆ, ಮನೆಗೆ ಬರುವುದು ಎಣ್ಣೆಯ ಜೊತೆಗೆ ಬಿಸ್ಕತ್ತು, ಚಿಪ್ಸು, ಹೊಸ ಸೋಪು. ಈ ಎರಡನೇ ಚೀಟಿಯನ್ನು ಹರಿದು ಎಸೆಯದೆ ಮೂರು ತಿಂಗಳು ಬೇರೆಯಾಗಿ ಎತ್ತಿಡಿ. ಚೀಟಿಯನ್ನು ಎಲ್ಲಿ ಕತ್ತರಿಸಬೇಕೆಂದು ಅದೇ ತೋರಿಸುತ್ತದೆ.

ಪ್ರಶ್ನೆ: ಅಕ್ಕಿ ಮೂಟೆ 25 ಕೆಜಿಯ ಬದಲು 26 ಕೆಜಿ ಏಕೆ? ದೊಡ್ಡ ಪ್ಯಾಕೆಟ್, 'ಒಂದು ಕೊಂಡರೆ ಒಂದು ಉಚಿತ' ಇವುಗಳಿಂದ ನಿಜಕ್ಕೂ ಉಳಿತಾಯವಿದೆಯೇ?
– ನಿವೃತ್ತ ಶಿಕ್ಷಕರು, ಭದ್ರಾವತಿ

ಉತ್ತರ: 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಹೆಸರುಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆಜಿವರೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕೂ ಹೆಚ್ಚು ತೂಕದ ಮೂಟೆಗೆ ಇಲ್ಲ. ಒಂದು ಕೆಜಿ ಹೆಚ್ಚು ತುಂಬಿದರೆ ತೆರಿಗೆ ತಪ್ಪುತ್ತದೆಂದು ಗಿರಣಿಯವರು 26ಕ್ಕೆ ಏರಿದರು. ಬೆಲೆ ಕೇಳುವಾಗ ಮೂಟೆಯ ಲೆಕ್ಕ ಬಿಟ್ಟು ಕೆಜಿಯ ಲೆಕ್ಕ ಕೇಳಿ, ಎರಡು ಅಂಗಡಿಯ ದರ ಹೋಲಿಸುವಾಗ ಅನೇಕರು ಮೋಸಹೋಗುವುದು ಈ ಒಂದು ಕೆಜಿಯಲ್ಲೇ. ತೆರೆದ ಚೀಲದಿಂದ ತೂಗಿ ಕೊಡುವ ಬೇಳೆಕಾಳಿಗೂ ಈ ತೆರಿಗೆ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಂಥ ಕಡೆ ಬಿಡಿ ಸಾಮಾನು ಕೈಯಲ್ಲಿ ಮುಟ್ಟಿ, ಮೂಸಿ, ಹುಳು ನೋಡಿ ತರಬಹುದು ಎನ್ನುವುದು ಇನ್ನೊಂದು ಲಾಭ.

ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬಿಡಿ ಅಳತೆಯ ದರವೂ ಇರುತ್ತದೆ. ಒಂದು ಕೆಜಿಗಿಂತ ಕಡಿಮೆಯದಕ್ಕೆ ಗ್ರಾಮಿನ ಲೆಕ್ಕ, ಹೆಚ್ಚಿನದಕ್ಕೆ ಕೆಜಿಯ ಲೆಕ್ಕ. ನೂರು ಗ್ರಾಂ, ಅರ್ಧ ಕೆಜಿ ಪ್ಯಾಕೆಟ್‌ಗಳನ್ನು ಹೋಲಿಸಲು ಇಷ್ಟು ಸಾಕು. ಆದರೆ ಅದು ಎಂಆರ್‌ಪಿ ಮೇಲಿನ ಲೆಕ್ಕ. ಅಂಗಡಿಯವರು ರಿಯಾಯಿತಿ ಕೊಟ್ಟಿದ್ದರೆ ನೀವೇ ಭಾಗಿಸಿ ನೋಡಬೇಕು. ಎಣ್ಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. 850 ಗ್ರಾಮಿನ ಪ್ಯಾಕೆಟ್ ನೋಡಲು ಲೀಟರಿನಂತೆಯೇ ಇದ್ದರೂ ಒಳಗಿರುವುದು 930 ಮಿಲಿ ಆಸುಪಾಸು.

'ಒಂದಕ್ಕೊಂದು ಉಚಿತ' ಸೋಪು, ಟೂತ್‌ಪೇಸ್ಟಿಗೆ ಸರಿ, ಅವು ಬೇಗ ಕೆಡುವುದಿಲ್ಲ. ಬಿಸ್ಕತ್ತು, ಹಾರ್ಲಿಕ್ಸಿನಂಥವಕ್ಕೆ ಸಲ್ಲ. ಎರಡು ಡಬ್ಬ ಮನೆಯಲ್ಲಿದ್ದರೆ ಎರಡೂ ಬೇಗ ಖಾಲಿಯಾಗುತ್ತವೆ.

ಪ್ರಶ್ನೆ: ಬೇಸಿಗೆಯಲ್ಲಿ ಬೆಲೆ ಇಳಿದಾಗ ವರ್ಷದ ಸಾಮಾನು ಹಾಕಿಕೊಳ್ಳುತ್ತೇವೆ. ಆದರೆ ಆಗಸ್ಟ್ ಹೊತ್ತಿಗೆ ಬೇಳೆಗೆ ಹುಳು, ಮೆಣಸಿನಕಾಯಿಗೆ ಬೂಷ್ಟು, ರವೆಯಲ್ಲಿ ಬಲೆ. ಕಳೆದ ವರ್ಷ ಮೂರು ಕೆಜಿ ಬೇಳೆ ಎಮ್ಮೆಗೆ ಹಾಕಿದೆವು. ಹೀಗಾದರೆ ಒಟ್ಟಿಗೆ ಕೊಂಡು ಉಳಿಸಿದ್ದೇನು?
– ಕೃಷಿ ಕುಟುಂಬ, ಆಗುಂಬೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಿಮ್ಮ ಕಡೆ ವರ್ಷದ ಸಾಮಾನು ಎಂಬ ಮಾತನ್ನೇ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಾಲ್ಕು ತಿಂಗಳಿಗೆ ಎಷ್ಟು ಬೇಕೋ ಅಷ್ಟೇ ಸಾಕು. ತಿಂಗಳಿಗೆ ಮೂರು ಕೆಜಿ ತೊಗರಿಬೇಳೆ ಖರ್ಚಾಗುವ ಮನೆಗೆ ಹನ್ನೆರಡು ಕೆಜಿ. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕೊಯ್ಲಾಗುವುದರಿಂದ ಬೇಳೆ ಕೊಳ್ಳಲು ಫೆಬ್ರುವರಿ-ಏಪ್ರಿಲ್ ಒಳ್ಳೆಯ ಕಾಲ. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಹೊಸದಾಗಿ ಬರುವುದೂ ಹೆಚ್ಚುಕಡಿಮೆ ಆಗಲೇ.

ನಿಮ್ಮಲ್ಲಿ ತಪ್ಪಿರುವುದು ಬಹುಶಃ ಮೂರು ಕಡೆ. ಮೊದಲನೆಯದು, ಒಣಗಿಸಿ ಬಿಸಿಬಿಸಿಯಾಗಿಯೇ ಡಬ್ಬಕ್ಕೆ ತುಂಬುವುದು. ಏಪ್ರಿಲ್ ಬಿಸಿಲಿನಲ್ಲಿ ಬೇಳೆ ಎರಡು ದಿನ ಒಣಗಲಿ. ಆಮೇಲೆ ಮನೆಯೊಳಗೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಬೇಕು. ಬಿಸಿ ಇದ್ದಾಗ ಮುಚ್ಚಳ ಹಾಕಿದರೆ ಒಳಗಿನ ಆವಿ ಮುಚ್ಚಳದಡಿ ನೀರಾಗಿ ಬೇಳೆಯ ಮೇಲೇ ಬೀಳುತ್ತದೆ, ಮೊದಲ ಬೂಷ್ಟು ಹಿಡಿಯುವುದು ಅಲ್ಲೇ. ಎರಡನೆಯದು, ದೊಡ್ಡ ಡಬ್ಬವನ್ನು ದಿನಾ ತೆರೆಯುವುದು. ಮಳೆಗಾಲದಲ್ಲಿ ಪ್ರತಿ ಸಲ ಮುಚ್ಚಳ ತೆಗೆದಾಗಲೂ ತೇವದ ಗಾಳಿ ಒಳಗೆ ಹೋಗುತ್ತದೆ. ಹದಿನೈದು ದಿನಕ್ಕಾಗುವಷ್ಟನ್ನು ಸಣ್ಣ ಡಬ್ಬಕ್ಕೆ ತೆಗೆದುಕೊಳ್ಳಿ, ದೊಡ್ಡದನ್ನು ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಮೂರನೆಯದು, ಹಸಿ ಬೇವಿನ ಸೊಪ್ಪು ಹಾಕುವುದು. ಬೇವು ಹಾಕುವುದಾದರೆ ಗರಿಗರಿಯಾಗಿ ಒಣಗಿದ ಎಲೆಯನ್ನೇ ಹಾಕಿ. ಹಸಿ ಎಲೆಯಿಂದ ಹುಳುವಿಗಿಂತ ಮೊದಲು ತೇವ ಬರುತ್ತದೆ.

ತೊಗರಿಬೇಳೆಗೆ ಕೆಜಿಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರಿಡುವ ಹಳೆಯ ಕ್ರಮ ಇಂದಿಗೂ ಒಳ್ಳೆಯದು. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ವಾಸನೆ ಇರದು. ರವೆ, ಮೈದಾ, ಗೋಧಿಹಿಟ್ಟನ್ನು ಮಳೆಗಾಲಕ್ಕೆಂದು ಹಾಕಿಕೊಳ್ಳಲೇಬೇಡಿ, ತಿಂಗಳಿಗೊಮ್ಮೆ ತನ್ನಿ. ತಂದ ತಕ್ಷಣ ರವೆಯನ್ನು ಹುರಿದಿಡಿ. ಫ್ರಿಜ್ ಇದ್ದರೆ ಹಿಟ್ಟನ್ನು ಫ್ರೀಜರಿನಲ್ಲಿ ಮೂರ್ನಾಲ್ಕು ದಿನ ಇಟ್ಟು ತೆಗೆದರೆ ಒಳಗಿನ ಮೊಟ್ಟೆ ಸಾಯುತ್ತವೆ. ಶೇಂಗಾ ವಾರಕ್ಕಾಗುವಷ್ಟೇ ಇರಲಿ. ಬೂಷ್ಟು ಬಂದ ಶೇಂಗಾ ತೊಳೆದರೂ ಹುರಿದರೂ ಅದರ ವಿಷ ಹೋಗುವುದಿಲ್ಲ. ಅದನ್ನು ಎಮ್ಮೆಗೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ. ಬೂಷ್ಟು ಹಿಡಿದ ಬೇಳೆಯನ್ನೂ ಹಾಗೆಯೇ ಹೊರಗೆ ಹಾಕಿ.

ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬಾರದು. ಕಾಳು ಬಿರಿದು ನುಚ್ಚಾಗುತ್ತದೆ. ಹುಳು ಕಂಡರೆ ನೆರಳಿನಲ್ಲಿ ಹರಡಿ, ತಾವಾಗಿ ಹರಿದು ಹೋಗುತ್ತವೆ. ಮೂಟೆ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ಹುಣಸೆಹಣ್ಣಿನ ಬೀಜ, ನಾರು ತೆಗೆದು ಕಲ್ಲುಪ್ಪು ಬೆರೆಸಿ ಭರಣಿಗೆ ಒತ್ತಿಡಿ. ಮೆಣಸಿನಕಾಯಿ ತೊಟ್ಟು ಸಮೇತ ಇರಲಿ, ಪುಡಿ ಮಾಡುವ ದಿನ ತೊಟ್ಟು ಮುರಿದರಾಯಿತು. ಸಾರಿನಪುಡಿ ಎರಡು ತಿಂಗಳಿಗಾಗುವಷ್ಟೇ ಮಾಡಿ. ಅಚ್ಚುಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ, ಅದರ ಬದಲು ಪಾಕದಂತಿರುವ ಜೋನಿಬೆಲ್ಲದ ಒಂದು ಡಬ್ಬ ತಂದಿಟ್ಟರೆ ಆ ಕಷ್ಟವಿಲ್ಲ. ಒದ್ದೆ ಸೌಟು ಮಾತ್ರ ತಾಗಬಾರದು.

ಒಂದನ್ನು ಒತ್ತಿ ಹೇಳಬೇಕು. ಗೋದಾಮಿನಲ್ಲಿ ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರೋ ಕೊಟ್ಟರೆಂದು ಮನೆಯೊಳಗಿನ ಚೀಲಕ್ಕೆ ಹಾಕಬೇಡಿ. ತೇವ ತಗುಲಿದ ಕೂಡಲೇ ಅದರಿಂದ ಫಾಸ್ಫೀನ್ ಎಂಬ ವಿಷಗಾಳಿ ಹೊರಡುತ್ತದೆ. ಬಾಗಿಲು ಮುಚ್ಚಿ ಮಲಗುವ ಮಲೆನಾಡಿನ ಮಳೆಗಾಲದ ಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಪ್ರಶ್ನೆ: ನಮ್ಮದು ತೋಟವಿಲ್ಲದ ಮನೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗಿನಿಂದ ದಿನಕ್ಕೊಂದು ಕಾಯಿ ಒಡೆಯಲು ಕೈ ಬರುವುದಿಲ್ಲ. ಕಾಯಿ ಇಲ್ಲದೆ ಮಲೆನಾಡಿನ ಅಡುಗೆ ಹೇಗೆ?
– ಸಾಗರದ ಓದುಗರು

ಉತ್ತರ: ಕಾಯಿ ಬಿಡುವುದು ಬೇಡ, ಅರೆಯುವ ದಿನ ಕಡಿಮೆ ಮಾಡಿ. ಹುಳಿ, ಪಲ್ಯ, ಚಟ್ನಿ ಮೂರಕ್ಕೂ ಒಂದೇ ದಿನ ಕಾಯಿ ಬಿದ್ದರೆ ಇಡೀ ಕಾಯಿ ಮುಗಿಯಿತು. ಹುಳಿಗೆ ಅರೆದ ದಿನ ಪಲ್ಯ ಒಗ್ಗರಣೆಯದಾಗಲಿ. ಚಟ್ನಿಗೆ ಕಾಲು ಹೋಳಿನ ಜೊತೆ ಎರಡು ಚಮಚ ಹುರಿಗಡಲೆ ಸೇರಿಸಿ. ಮೊಸರುಹುಳಿ ಮಂದವಾಗಲು ನೆನೆಸಿದ ಅಕ್ಕಿ ಒಂದು ಚಮಚ ಅರೆದರೆ ಕಾಯಿ ಅರ್ಧಕ್ಕಿಳಿಯುತ್ತದೆ. ತಂಬುಳಿಯ ದಿನವಂತೂ ಎರಡು ಚಮಚ ತುರಿ ಸಾಕು: ಒಂದು ಹಿಡಿ ಒಂದೆಲಗ ಅಥವಾ ಏಳೆಂಟು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತುರಿಯೊಡನೆ ನುಣ್ಣಗೆ ಅರೆದು ಎರಡು ಲೋಟ ಮಜ್ಜಿಗೆಗೆ ಬೆರೆಸಿ. ಕುದಿಸಬೇಡಿ, ಒಡೆಯುತ್ತದೆ.

ಕೊಳ್ಳುವಾಗ ಜುಟ್ಟು ಇರುವ ಕಾಯಿಯನ್ನೇ ಆರಿಸಿ, ಜುಟ್ಟು ಕಿತ್ತರೆ ಕಣ್ಣಿನ ಮೂಲಕ ಗಾಳಿ, ತೇವ ಹೊಕ್ಕು ಬೇಗ ಕೆಡುತ್ತದೆ. ಒಡೆದ ಮೇಲೆ ಕಣ್ಣಿರುವ ಹೋಳನ್ನು ಮೊದಲು ಬಳಸಿ. ಉಳಿದದ್ದನ್ನು ತುರಿದು ತೆಳ್ಳಗೆ ಹರಡಿ ಫ್ರೀಜರಿಗೆ ಹಾಕಿದರೆ ಬೇಕಾದಷ್ಟೇ ಮುರಿದುಕೊಳ್ಳಬಹುದು. ಉಂಡೆ ಮಾಡಿಟ್ಟರೆ ಇಡೀ ಉಂಡೆ ಕರಗಿಸಬೇಕಾಗುತ್ತದೆ.

ಪ್ರಶ್ನೆ: ಜುಲೈನಲ್ಲಿ ಪೇಟೆಯ ತರಕಾರಿ ದುಬಾರಿ, ತಂದದ್ದೂ ಅರ್ಧ ಕೊಳೆತಿರುತ್ತದೆ. ಏನು ಮಾಡಬಹುದು?
– ಹೊಸನಗರದ ಗೃಹಿಣಿ

ಉತ್ತರ: ಜುಲೈಗೆ ಬೇಕಾದ್ದನ್ನು ಮೇ ತಿಂಗಳಲ್ಲೇ ತೂಗುಹಾಕಬೇಕು. ಬಲಿತ ಮೊಗೆಕಾಯಿ, ಸಿಹಿಗುಂಬಳ, ಬೂದುಗುಂಬಳಗಳನ್ನು ಎರಡು ಬೆರಳುದ್ದ ತೊಟ್ಟು ಬಿಟ್ಟು ಕೊಯ್ದು, ಬಾಳೆಪಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ಒಂದಕ್ಕೊಂದು ತಾಗದಂತೆ ತೂಗಿದರೆ ತಿಂಗಳುಗಟ್ಟಲೆ ಇರುತ್ತವೆ. ತೊಟ್ಟು ಮುರಿದದ್ದು, ಬಿದ್ದು ಪೆಟ್ಟಾದದ್ದು ಇರುವುದಿಲ್ಲ, ಅವನ್ನು ಮೊದಲು ಹುಳಿಗೆ ಹಾಕಿ. ಹಲಸಿನ ಬೀಜವನ್ನು ತೊಳೆದು ನೆರಳಲ್ಲಿ ಆರಿಸಿ, ಕೆಮ್ಮಣ್ಣು ಸವರಿ ಒಣಗಿಸಿಟ್ಟರೆ ಮಳೆಗಾಲದ ಪಲ್ಯ, ಸಾರಿಗೆ ಆಯಿತು.

ಹಿತ್ತಿಲಲ್ಲಿ ಹರಿವೆ ಜಡಿಮಳೆಗೆ ಕೊಳೆಯುತ್ತದೆ. ಬಸಳೆಯನ್ನು ಚಪ್ಪರಕ್ಕೆ ಹಬ್ಬಿಸಿ. ಕೆಸು ತಾನಾಗಿ ಬರುತ್ತದೆ, ಆದರೆ ಅದರಲ್ಲಿರುವ ಸೂಜಿಯಂಥ ಹರಳುಗಳಿಂದ ಗಂಟಲು ತುರಿಸುವುದರಿಂದ ಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಬೇಕು. ಆ ಹುಳಿಗೆ ಪೇಟೆಯ ಹುಣಸೆಹಣ್ಣೇ ಆಗಬೇಕೆಂದಿಲ್ಲ. ಒಣಗಿಸಿದ ವಾಟೆಹುಳಿಯ ನಾಲ್ಕೈದು ಚೂರು ನೆನೆಸಿ ಮಸಾಲೆಯೊಡನೆ ಅರೆಯಿರಿ.

ಪ್ರಶ್ನೆ: ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ, ಬಣ್ಣವೂ ಬೇರೆ. ಪ್ಲಾಸ್ಟಿಕ್ ಅಕ್ಕಿಯೇ? ಆರಿಸಿ ಎಸೆಯುತ್ತಿದ್ದೇವೆ.
– ಶಿಕಾರಿಪುರದ ಓದುಗರು

ಉತ್ತರ: ಪ್ಲಾಸ್ಟಿಕ್ ಅಲ್ಲ, ಎಸೆಯಬೇಡಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನಾಕಾರಕ್ಕೆ ಒತ್ತಿದ ಸಾರವರ್ಧಿತ ಅಕ್ಕಿ ಅದು. ನೂರು ಕಾಳಿಗೆ ಒಂದರಂತೆ ಬೆರೆಸಿದ್ದಾರೆ. ಹೆಚ್ಚು ಉಜ್ಜಿ ತೊಳೆಯದೆ, ಗಂಜಿ ಬಸಿಯದೆ ಬೇಯಿಸಿ. ಅನ್ನಕ್ಕೆ ಒಗ್ಗದಿದ್ದರೆ ದೋಸೆಗೆ ಹಾಕಿ: ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಕಡುಬು, ರೊಟ್ಟಿಗೂ ಆಗುತ್ತದೆ.

ಪ್ರಶ್ನೆ: ಶೇಂಗಾ ಕೊಂಡು ಗಾಣದಲ್ಲಿ ಎಣ್ಣೆ ತೆಗೆಸಿದರೆ ಪ್ಯಾಕೆಟ್ಟಿಗಿಂತ ಅಗ್ಗವೇ?
– ಸೊರಬದ ಓದುಗರು

ಉತ್ತರ: ಅಲ್ಲ. ಒಂದು ಲೀಟರ್ ಎಣ್ಣೆಗೆ ಎರಡೂಕಾಲರಿಂದ ಎರಡೂವರೆ ಕೆಜಿ ಶೇಂಗಾಬೀಜ ಬೇಕು, ಮೇಲೆ ಗಾಣದ ಕೂಲಿ. ರುಚಿ, ಪರಿಮಳಕ್ಕಾಗಿ ತೆಗೆಸುವುದಾದರೆ ಸರಿ. ಉಳಿಯುವ ಸುಮಾರು ಒಂದೂವರೆ ಕೆಜಿ ಹಿಂಡಿಯನ್ನು ಗಾಣದವರಿಗೇ ಬಿಟ್ಟು ಬರಬೇಡಿ. ಕೊಟ್ಟಿಗೆಯಲ್ಲಿ ಹಸುವಿದ್ದರೆ ಮನೆಗೆ ತನ್ನಿ, ಇಲ್ಲದಿದ್ದರೆ ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳಲು ಮೊದಲೇ ಮಾತಾಡಿ.